ನಾಲ್ಕನೇ ಬೆಡ್ಡಿನ ಮರಿಗಳು

ಫೆಬ್ರವರಿ 9, ಸೋಮವಾರ

ಟ್ಯಾಂಕಿನ ನೀರು ಬದಲಿಸಿದ್ದಾಯಿತು. ಪೂರ್ತಿ ಅಲ್ಲ, ಕಾಲು ಭಾಗ. ಪೂರ್ತಿ ಬದಲಿಸಿದರೆ ಮೀನುಗಳಿಗೆ ಗಾಬರಿಯಂತೆ. ಯಾರಿಗಿಲ್ಲ? ಪೈಪಿನ ತುದಿಗೆ ಬಾಯಿಟ್ಟು ಎಳೆಯುವಾಗ ಇವತ್ತೂ ಒಂದು ಗುಟುಕು ಒಳಗೆ ಹೋಯಿತು. ನೀರು ಕುಡಿದಷ್ಟು ಸುಲಭ ಅನ್ನುವವರು ಈ ನೀರು ಕುಡಿದು ನೋಡಬೇಕು.

ಅಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮೊದಲು ಈ ಕುರ್ಚಿ ವಾಷಿಂಗ್ ಮೆಷಿನ್ನಿನ ಮುಂದೆ ಇರುತ್ತಿತ್ತು. ಗಾಜಿನ ಬಾಗಿಲ ಹಿಂದೆ ನನ್ನ ಅಂಗಿಗಳು ಗಿರಗಿರ ಸುತ್ತುವುದನ್ನು ಊಟ ಬಿಟ್ಟು ನೋಡುತ್ತಿದ್ದಳು. ಮೆಷಿನ್ ನಿಂತರೆ ಚಡಪಡಿಕೆ. ಅವಳಿಗೋಸ್ಕರ ಒಗೆದದ್ದನ್ನೇ ಒಗೆದು, ಅಂಗಿಗಳೂ ನನ್ನ ಹಾಗೆ ಬಣ್ಣಗೆಟ್ಟವು. ಡಾಕ್ಟರು ‘ಓಡಾಡೋದು ಏನಾದ್ರೂ ಕಣ್ಮುಂದೆ ಇರ್ಲಿ’ ಅಂದರು. ಮನೆಯಲ್ಲಿ ಓಡಾಡುವ ವಸ್ತು ನಾನೊಬ್ಬನೇ. ನಾನೋ ದಿನವಿಡೀ ಕೂತು ಪ್ರೆಸ್ಸಿನವರ ಕರಡು ತಿದ್ದುವವನು. ಹಾಗಾಗಿ ಮೀನು.

ಬ್ಲ್ಯಾಕ್ ಮೊಲ್ಲಿ, ಎರಡು. ‘ಎರಡೂ ಹೆಣ್ಣು ಸಾರ್, ಗ್ಯಾರಂಟಿ’ ಅಂದಿದ್ದ ಅಂಗಡಿಯವನು. ಬಾಯಿ ತೆರೆದರೆ ನಿಲ್ಲಿಸುವುದಿಲ್ಲವಾದ್ದರಿಂದ ಅವನಿಗೆ ‘ಗುಳ್ಳೆ’ ಎಂದು ಹೆಸರಿಟ್ಟಿದ್ದೇನೆ. ಒಂದು ಹೆಣ್ಣು ಇನ್ನೊಂದು ಹೆಣ್ಣಿನ ಹಿಂದೆ ಬಿದ್ದಿರುವ ವೈಖರಿ ನೋಡಿದರೆ ಗ್ಯಾರಂಟಿ ಮುಗಿದಂತೆ ಕಾಣುತ್ತದೆ. ಹೋಗಿ ಹೇಳಿದ್ದಕ್ಕೆ, ‘ಹೌದಾ ಸಾರ್? ಅದೃಷ್ಟ ನಿಮ್ದು!’

ಅಮ್ಮ ಅವುಗಳಿಗೆ ಹೆಸರಿಡಲಿಲ್ಲ. ದೊಡ್ಡದನ್ನು ‘ನಾಲ್ಕನೇ ಬೆಡ್ಡು’ ಅನ್ನುತ್ತಾಳೆ. ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವಳು. ರಿಟೈರ್ ಆಗುವವರೆಗೂ ಯಾವ ಹೆಂಗಸನ್ನೂ ಹೆಸರು ಹಿಡಿದು ಕರೆದವಳಲ್ಲ.

‘ಮಿಕ್ಕ ಮೂರು ಬೆಡ್ಡು ಎಲ್ಲಮ್ಮಾ?’

‘ಡಿಸ್ಚಾರ್ಜ್ ಆದ್ರು ಮರಿ.’

ಮರಿ ಅಂದರೆ ನಾನು. ಐವತ್ತು ದಾಟಿದ ಮರಿ.

ಫೆಬ್ರವರಿ 11, ಬುಧವಾರ

ಅಕ್ಕನ ಫೋನು. ಬೇರೆ ಊರಿನಲ್ಲಿದ್ದಾಳೆ, ಧ್ವನಿ ಮಾತ್ರ ಅಡುಗೆಮನೆಯಲ್ಲೇ ಇದ್ದ ಹಾಗೆ.

‘ಲೋ, ಅಲ್ಲೊಂದು ಬೆಡ್ ಖಾಲಿ ಆಗ್ತಿದೆ. ತಿಂಗಳ ಕೊನೆವರೆಗೆ ನಮಗೆ ಅಂತ ಹಿಡಿದಿಡ್ತಾರಂತೆ.’

ಅಲ್ಲಿ ಅಂದರೆ ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಹೋಮ್.

‘ಖಾಲಿ ಆಗ್ತಿದೆ ಅಂದ್ರೆ?’

‘ಅಂದ್ರೆ ಏನೋ, ಖಾಲಿ ಆಗ್ತಿದೆ.’

ಕೇಳಬಾರದಿತ್ತು.

‘ಗ್ಯಾಸ್ ತಿರುಗಿಸಿ ಬಿಟ್ಟು ಮಲಗಿದ್ಲಲ್ಲ, ಮರೆತ್ಯಾ? ನೀನೊಬ್ಬ ಎಷ್ಟು ಅಂತ ಕಾಯ್ತೀಯ? ಸುಮ್ನೆ ಮೀನಮೇಷ ಎಣಿಸ್ತಾ ಕೂರ್ಬೇಡ.’

‘ಮೇಷ ಸಾಕಿಲ್ಲ ಅಕ್ಕ. ಮೀನು ಎರಡೇ. ಎಣಿಸಾಯ್ತು.’

ನಗಲಿಲ್ಲ. ನಾನಾದರೂ ಯಾಕೆ ಅಂದೆನೋ. ಅಳು ಬರುವ ಕಡೆ ತಮಾಷೆ ಬರುವುದು ನನ್ನ ಅಂಗರಚನೆಯ ದೋಷ. ಕೊನೆಗೆ ಒಪ್ಪಂದ: 28ಕ್ಕೆ ಬರುತ್ತಾಳೆ. ತಾನೇ ಕಣ್ಣಾರೆ ನೋಡುತ್ತಾಳೆ. ‘ಅವಳು ನೆಮ್ಮದಿಯಾಗಿ, ಸೇಫಾಗಿ ಇದಾಳೆ ಅನ್ನಿಸಿದ್ರೆ ಬೆಡ್ ಬೇಡ ಅಂತ ನಾನೇ ಹೇಳ್ತೀನಿ. ಇಲ್ಲಾಂದ್ರೆ ನೀನು ತುಟಿ ಬಿಚ್ಚೋ ಹಾಗಿಲ್ಲ.’

ಆಯಿತು ಅಂದೆ. ಅಮ್ಮ ಈ ಮನೆಯಲ್ಲೇ ಇರಬೇಕು. ಬೇರೆ ಏನೂ ಬೇಡ.

ಫೆಬ್ರವರಿ 14, ಶನಿವಾರ

ಬೆಳಿಗ್ಗೆ ಕರಡಿನಲ್ಲಿ ಮುಳುಗಿದ್ದೆ. ಅಮ್ಮ ಬಂದು ಬಾಗಿಲಲ್ಲಿ ನಿಂತಳು.

‘ನಾಲ್ಕನೇ ಬೆಡ್ಡಿಗೆ ತುಂಬಿದೆ.’

‘ಏನು ತುಂಬಿದೆ?’

‘ದಿನ. ಹೊಟ್ಟೆ ಕೆಳಗಿಳಿದಿದೆ ನೋಡು. ಮೂಲೆ ಹಿಡಿದಿದಾಳೆ, ಅನ್ನ ಬೇಡ ಅಂತಾಳೆ. ಇವತ್ತೋ ನಾಳೆಯೋ.’

ನೋಡಿದೆ. ಹೌದು, ಹೊಟ್ಟೆ ಚೌಕವಾಗಿತ್ತು. ಗುಳ್ಳೆಯ ಹತ್ತಿರ ಓಡಿದೆ. ಪ್ಲಾಸ್ಟಿಕ್ಕಿನ ಹೆರಿಗೆ ಡಬ್ಬ ಕೊಟ್ಟ: ಟ್ಯಾಂಕಿನೊಳಗೆ ತೂಗುಹಾಕುವಂಥದ್ದು, ತಳದಲ್ಲಿ ಸೀಳು. ತಾಯಿ ಮೇಲೆ, ಹುಟ್ಟಿದವು ಸೀಳಿನಿಂದ ಕೆಳಗೆ. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಸೋಪು ಹಾಕಿ ತೊಳೆಯಲು ಹೊರಟಳು. ಸೋಪು ಬೇಡ ಅಂತ ಕಾಲು ಹಿಡಿಯುವುದೊಂದು ಬಾಕಿ. ಬಿಸಿನೀರಿಗೆ ರಾಜಿಯಾದಳು.

ಆಮೇಲೆ ನನ್ನನ್ನು ನೋಡಿ, ‘ಗಂಡಸರು ಆಚೆ’.

ಗಂಡು ಮೊಲ್ಲಿಯನ್ನು ಬಕೆಟ್ಟಿಗೆ ಹಾಕಿಕೊಂಡು ನಾನೂ ಆಚೆ ಬಂದೆ. ವರಾಂಡದಲ್ಲಿ ಇಬ್ಬರೂ ಕೂತಿದ್ದೆವು. ಅವನು ಶತಪಥ ಹಾಕುತ್ತಿದ್ದ. ಸಿಗರೇಟೊಂದು ಕಡಿಮೆ.

ಫೆಬ್ರವರಿ 15, ಭಾನುವಾರ. ಬೆಳಿಗ್ಗೆ

ಆಯಿತು!! ನಾನು ಏಳುವ ಹೊತ್ತಿಗೆ ಅರ್ಧ ಮುಗಿದಿತ್ತು. ಅಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಜಿಗೆ ಮೂಗು ತಾಗಿಸಿ ನಿಂತಿದ್ದಾಳೆ. ‘ಬರ್ಲಿ... ಬರ್ಲಿ... ಅವಸರ ಮಾಡ್ಬೇಡ ನನ್ನವ್ವ, ಹಾಗೇ ಬರ್ಲಿ...’ ಆ ಧ್ವನಿ ನಾನು ಕೇಳಿದ್ದೇ ಇಲ್ಲ. ಮನೆಗೆ ತರದೆ ವಾರ್ಡಿನಲ್ಲೇ ಇಟ್ಟು ಬರುತ್ತಿದ್ದ ಧ್ವನಿ ಇರಬೇಕು.

ಮಡಿಸಿಕೊಂಡು ಹುಟ್ಟುತ್ತವೆ. ಒಂದು ಕ್ಷಣ ಕಲ್ಲಿನಂತೆ ಕೆಳಗಿಳಿದು, ಆಮೇಲೆ ಬಿಚ್ಚಿಕೊಂಡು ಈಜು. ಕಪ್ಪು ಅಲ್ಪವಿರಾಮಗಳು. ಯಾರೋ ಒಂದು ಪುಟದ ಅಲ್ಪವಿರಾಮಗಳನ್ನೆಲ್ಲ ನೀರಿಗೆ ಚೆಲ್ಲಿದಂತೆ. ವೃತ್ತಿಧರ್ಮಕ್ಕೆ ವಿರುದ್ಧವಾಗಿ ಒಂದನ್ನೂ ತೆಗೆಯಬೇಕು ಅನ್ನಿಸಲಿಲ್ಲ.

ಗುಳ್ಳೆಗೆ ಫೋನ್ ಮಾಡಿದೆ.

‘ತಾಯಿನ ಕೂಡ್ಲೇ ಬೇರೆ ಮಾಡಿ ಸಾರ್. ತಿಂದುಬಿಡ್ತಾಳೆ.’

‘ಏನನ್ನ?’

‘ಮಕ್ಕಳನ್ನ ಸಾರ್, ಮತ್ತೇನನ್ನ?’

ಮಕ್ಕಳ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವವಳು ತಾಯಿ ಎಂಬ ವಾಕ್ಯವನ್ನು ಎಷ್ಟು ಪುಸ್ತಕಗಳಲ್ಲಿ ತಿದ್ದಿದ್ದೇನೋ. ಮಕ್ಕಳನ್ನೇ ಹಾಕಿಕೊಳ್ಳುವ ಪಾಠಾಂತರ ಇವತ್ತೇ ಕೇಳಿದ್ದು.

ತಾಯಿಯನ್ನು ದೊಡ್ಡ ಟ್ಯಾಂಕಿಗೆ ಬಿಟ್ಟೆ. ಮರಿಗಳಿಗೆ ಪಕ್ಕದಲ್ಲೇ ಚಿಕ್ಕ ಗಾಜಿನ ತೊಟ್ಟಿ. ಅಮ್ಮನ ಮುಖ ಕೆಟ್ಟಿತು.

‘ತಾಯಿ ಮಗ್ಗುಲಿಗೆ ಹಾಕಲ್ವಾ? ಹುಟ್ಟಿದ ತಕ್ಷಣ ಹಾಕ್ಬೇಕು. ಮೈ ಬಿಸಿ ತಾಗ್ಬೇಕು.’

ಎಷ್ಟೋ ಮಕ್ಕಳನ್ನು ಒರೆಸಿ, ಸುತ್ತಿ, ತಾಯಿಯ ಮಗ್ಗುಲಲ್ಲಿ ಮಲಗಿಸಿದ ಕೈ ಅದು. ಆ ಕೈಯ ಮುಂದೆ, ತಾಯಿ ತಿನ್ನುತ್ತಾಳೆ ಅಂತ ಹೇಗೆ ಹೇಳಲಿ?

‘ತಾಯಿಗೆ ಜ್ವರ ಅಮ್ಮ.’

‘ಓ.’ ತಲೆದೂಗಿದಳು. ‘ಹಾಗಾದ್ರೆ ಬೇರೆ ಇಡೋದೇ ಸರಿ.’

ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಫೆಬ್ರವರಿ 17, ಮಂಗಳವಾರ

ಮರಿಗಳ ಹೊಟ್ಟೆ ಸಾಸಿವೆಗಿಂತ ಚಿಕ್ಕದು. ಒಂದೇ ಸಲ ಹಾಕುವಂತಿಲ್ಲ. ಚಿಟಿಕೆ ಚಿಟಿಕೆಯಾಗಿ ಆಗಾಗ ಹಾಕಬೇಕು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿದ ನೀರು, ಇಲ್ಲವೇ ಪುಡಿ ಮಾಡಿದ ಮೀನಿನ ಆಹಾರ.

‘ಮಕ್ಕಳಿಗೆ ಕೊಟ್ಟಾಯ್ತಾ?’ ಅಮ್ಮ ಕೇಳುತ್ತಾಳೆ. ‘ಕೊಡಮ್ಮ’ ಅನ್ನುತ್ತೇನೆ. ಕೊಡುತ್ತಾಳೆ. ಕೊಟ್ಟದ್ದನ್ನು ಮರೆಯುತ್ತಾಳೆ. ‘ಮಕ್ಕಳಿಗೆ ಕೊಟ್ಟಾಯ್ತಾ?’ ‘ಕೊಡಮ್ಮ.’

ಕೇಳಿದ್ದನ್ನೇ ಕೇಳಿದರೂ ತಪ್ಪಿಲ್ಲದ ಕೆಲಸ ಭೂಮಿಯ ಮೇಲೆ ಒಂದಿದೆ! ‘ಆಗಲೇ ಹೇಳಿದೆನಲ್ಲಮ್ಮ’ ಅನ್ನುವ ಮಾತನ್ನು ನಾನು ಇವತ್ತು ಬೆಳಗಿನಿಂದ ಒಮ್ಮೆಯೂ ಆಡಿಲ್ಲ. ಅವಳ ಮರೆವೂ ಮರಿಗಳ ಹಸಿವೂ ಹೇಳಿ ಮಾಡಿಸಿದ ಜೋಡಿ.

ಸಂಜೆ ನೀರು ಬೆಳ್ಳಗಾಯಿತು, ಸ್ವಲ್ಪ ವಾಸನೆ. ಜೋಡಿ ತುಸು ಅತಿಯಾಯಿತು. ಉಪಾಯ: ದಿನಕ್ಕೆ ಬೇಕಾಗುವಷ್ಟೇ ಪುಡಿಯನ್ನು ಅವಳ ಕೈಯ ಡಬ್ಬಿಗೆ ಹಾಕಿಡುವುದು. ಎಷ್ಟು ಸಲವಾದರೂ ಕೊಡಲಿ, ಡಬ್ಬಿ ಮೀರುವುದಿಲ್ಲ.

ಫೆಬ್ರವರಿ 19, ಗುರುವಾರ

ಮರಿ ಹುಟ್ಟಿದ ಮೇಲೆ ಸುಖನಿದ್ರೆ ಅವಳಿಗೆ. ಗ್ಯಾಸಿನ ಕಡೆ ಹೋಗಿಲ್ಲ. ಎದ್ದ ಕೂಡಲೇ ಜಡೆ ಎತ್ತಿ ಕಟ್ಟಿ ಪಿನ್ನು ಹಾಕಿ ತೊಟ್ಟಿಯ ಮುಂದೆ ಹಾಜರು. ‘ತಾಯಿಗೆ ಜ್ವರ ಹೇಗಿದೆ?’ ಅಂತ ವಿಚಾರಣೆ. ‘ಇನ್ನೂ ಇದೆ’ ಅಂತ ನನ್ನ ವರದಿ.

ಅಕ್ಕನ ಫೋನ್ ಬಂದಾಗ ಅಮ್ಮನ ಕೈಗೇ ಕೊಟ್ಟೆ. ‘ಡ್ಯೂಟೀಲಿದೀನಿ, ಆಮೇಲೆ ಮಾಡು’ ಅಂದು ಇಟ್ಟೇಬಿಟ್ಟಳು. ಅಕ್ಕ ಮತ್ತೆ ನನಗೆ ಮಾಡಿದಳು. ಜೋರಾಗಿ ನಕ್ಕಳು. ‘ಹೀಗೆ ಗದರಿಸಿ ಎಷ್ಟು ದಿನ ಆಗಿತ್ತೋ... ಚೆನ್ನಾಗಿದಾಳೆ ಕಣೋ.’ ಹೋಮಿನ ಮಾತೇ ಎತ್ತಲಿಲ್ಲ.

ಮಧ್ಯಾಹ್ನ ನಾನು ಉಂಡು ಕೈ ತೊಳೆದು ಬಂದು ಕೂತಿದ್ದೆ. ಅಮ್ಮ ಬಂದು ತಲೆ ಮೇಲೆ ಕೈಯಿಟ್ಟಳು. ‘ಊಟ ಆಯ್ತಾ ಮರಿ?’

ಮೀನಿನದಲ್ಲ, ನನ್ನ ಊಟ. ಎಷ್ಟು ತಿಂಗಳಾಗಿತ್ತು.

ಇಲ್ಲಮ್ಮ ಅಂದೆ. ಬಡಿಸಿದಳು. ಇನ್ನೊಂದು ಸಲ ಪೂರ್ತಿ ಉಂಡೆ. ಹೊಟ್ಟೆ ಈಗಲೂ ನಾಲ್ಕನೇ ಬೆಡ್ಡಿನಂತೆ ಚೌಕವಾಗಿದೆ.

ಫೆಬ್ರವರಿ 21, ಶನಿವಾರ. ಸಂಜೆ

ಪ್ರೆಸ್ಸಿನವರಿಗೆ ಅರ್ಜೆಂಟು. ಒಳಗೆ ಕೂತಿದ್ದೆ. ಅಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಮುಖ ಅರಳಿತ್ತು.

‘ಜ್ವರ ಬಿಟ್ಟಿದೆ ಮರಿ. ನಾನೇ ಮುಟ್ಟಿ ನೋಡಿದೆ. ತಾಯೀನ ಮಕ್ಕಳ ಹತ್ರ ಬಿಟ್ಟೆ. ಪಾಪ, ಎಷ್ಟು ದಿನ ಬೇರೆ ಬೇರೆ ಇದ್ರು.’

ಓಡಿದೆ. ತಾಯಿಯನ್ನು ಎತ್ತಿ ಹಾಕಿದ ಸೌಟು ಇನ್ನೂ ಒದ್ದೆ. ಚಿಕ್ಕ ತೊಟ್ಟಿಯಲ್ಲಿ ಅದು ಒಂದೇ ದೊಡ್ಡದಾಗಿ ತಿರುಗುತ್ತಿತ್ತು. ಮೂಲೆಯಲ್ಲಿ ಎರಡು ಮರಿ. ಬಲೆ ಹುಡುಕಿದೆ, ಸಿಗಲಿಲ್ಲ. ಒಂದು ಮರಿ. ಕೈಯನ್ನೇ ಹಾಕಿದೆ.

ಅಮ್ಮ ನನ್ನ ಹಿಂದೆಯೇ ಬಂದಿದ್ದಳು. ನೋಡಿಬಿಟ್ಟಳು.

‘ಏನ್ ಮಾಡ್ತಿದಾಳೆ ಇವಳು... ಏನ್ ಮಾಡ್ತಿದಾಳೆ... ಬಿಡಿಸು, ಬಿಡಿಸು...’

ಜ್ವರ ಅಂದವನು ನಾನು.

ಫೆಬ್ರವರಿ 22, ಭಾನುವಾರ

ಮೀನಿನದೆಲ್ಲ ಮರೆತಿದ್ದಾಳೆ. ತೊಟ್ಟಿ ಖಾಲಿ ಇರುವುದನ್ನು ನೋಡಿದರೂ ಏನೂ ಕೇಳಲಿಲ್ಲ. ಅಳು ಮಾತ್ರ ಮರೆತಿಲ್ಲ. ಬೆಳಗಿನಿಂದ ಕಣ್ಣು ತುಂಬುತ್ತದೆ, ಒರೆಸುತ್ತಾಳೆ, ತುಂಬುತ್ತದೆ.

‘ಯಾಕಮ್ಮ?’

‘ಗೊತ್ತಿಲ್ಲ ಮರಿ. ಯಾರೋ ಹೋಗಿದಾರೆ. ಯಾರು ಅಂತ ನೀನಾದ್ರೂ ಹೇಳು.’

ಹೇಳಿದರೆ ಮತ್ತೆ ಮೊದಲಿನಿಂದ. ಹೇಳದಿದ್ದರೆ ಹೆಸರಿಲ್ಲದ ಸೂತಕ. ಮರೆವಿಗೆ ಕರುಣೆ ಇದೆ ಅಂದುಕೊಂಡಿದ್ದೆ. ಒಯ್ಯುವಾಗ ಎಲ್ಲವನ್ನೂ ಒಯ್ಯುತ್ತದೆ ಅಂತ. ಇಲ್ಲ. ಕಾರಣವನ್ನು ಮಾತ್ರ ಒಯ್ದು ದುಃಖವನ್ನು ಇಲ್ಲೇ ಬಿಟ್ಟು ಹೋಗಿದೆ.

ತಮಾಷೆ ಇವತ್ತು ರಜ.

ಫೆಬ್ರವರಿ 23, ಸೋಮವಾರ

ಗುಳ್ಳೆಯ ಹತ್ತಿರ ಹೋದೆ. ಮೊಲ್ಲಿ ಮರಿ ಇಲ್ಲ, ಗಪ್ಪಿ ಮರಿ ಇದೆ ಅಂದ. ‘ಅಮ್ಮೋರಿಗೆ ಎಲ್ಲಿ ಗೊತ್ತಾಗತ್ತೆ ಸಾರ್? ಮರಿ ಅಂದ್ರೆ ಮರಿ.’

ತಂದು ತೊಟ್ಟಿಗೆ ಬಿಟ್ಟೆ. ಅಮ್ಮ ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು. ನೆಟ್ಟಗಾದಳು. ಕಣ್ಣಿನಲ್ಲಿ ನಾನು ಕಂಡಿರದ ಭಯ.

‘ಇವು ನಮ್ಮ ವಾರ್ಡಿನವಲ್ಲ. ಯಾರ ಮಕ್ಕಳನ್ನ ತಂದಿದೀರಿ?’

‘ಅಮ್ಮ, ನಾನು—’

‘ಮಕ್ಕಳನ್ನ ಅದಲು ಬದಲು ಮಾಡೋದು ಅಂದ್ರೆ ಏನು ಅಂದ್ಕೊಂಡಿದೀರಿ? ಅಲ್ಲೊಬ್ಬಳು ತಾಯಿ ಬಾಯಿ ಬಾಯಿ ಬಡ್ಕೋತಿರ್ತಾಳೆ. ಮೊದಲು ವಾಪಸ್ ಕೊಟ್ಟು ಬನ್ನಿ. ಹೋಗಿ.’

ತಂದಿದೀರಿ, ಅಂದ್ಕೊಂಡಿದೀರಿ, ಬನ್ನಿ. ಹುಟ್ಟಿದಾಗಿನಿಂದ ಇಷ್ಟು ಮರ್ಯಾದೆ ಅವಳಿಂದ ಸಿಕ್ಕಿದ್ದಿಲ್ಲ.

ವಾಪಸ್ ಕೊಟ್ಟು ಬಂದೆ.

ಫೆಬ್ರವರಿ 24, ಮಂಗಳವಾರ

ಸ್ನಾನಕ್ಕೆ ಹೋಗಿದ್ದೆ, ಅಷ್ಟೇ. ಚಿಲಕ ಹಾಕಿದ್ದೆ. ತೆಗೆದು ಹೋಗಿದ್ದಾಳೆ.

ರಸ್ತೆ, ಪಾರ್ಕು, ಬಸ್ ಸ್ಟಾಪು, ಗುಳ್ಳೆಯ ಅಂಗಡಿ. ಅವನು ಶಟರ್ ಎಳೆದು ನನ್ನ ಜೊತೆ ಹುಡುಕಿದ. ಮೊದಲ ಬಾರಿ ಬಾಯಿ ಮುಚ್ಚಿಕೊಂಡಿದ್ದ. ಕೊನೆಗೆ ಸಿಕ್ಕಿದ್ದು ದೊಡ್ಡ ರಸ್ತೆಯಾಚೆಯ ಬ್ಯಾಂಕಿನಲ್ಲಿ. ಆ ರಸ್ತೆ ದಾಟುವಾಗ ನಾನೇ ಜೀವ ಕೈಯಲ್ಲಿ ಹಿಡಿದುಕೊಳ್ಳುತ್ತೇನೆ. ಇವಳು ಬರಿಗಾಲಲ್ಲಿ ದಾಟಿದ್ದಾಳೆ. ಹಿಮ್ಮಡಿ ಸೀಳಿ ನೆಲದ ಮೇಲೆಲ್ಲ ರಕ್ತದ ಗುರುತು. ಕೈಯಲ್ಲಿ ಟೋಕನ್ ಹಿಡಿದು ಸಾಲು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

ಬ್ಯಾಂಕಿನ ಹುಡುಗಿ ಪಿಸುಗುಟ್ಟಿದಳು: ‘ಮೇಟ್ರನ್ ನೋಡ್ಬೇಕು ಅಂತಾರೆ ಸಾರ್. ಏನು ಮಾಡ್ಬೇಕು ಗೊತ್ತಾಗದೆ ಟೋಕನ್ ಕೊಟ್ಟು ಕೂರಿಸಿದೆ.’

ಪಕ್ಕದಲ್ಲಿ ಕೂತೆ. ‘ಮನೆಗೆ ಹೋಗೋಣ್ವಾ?’

‘ನನ್ನ ಸರದಿ ಬಂದಿಲ್ಲ.’ ಟೋಕನ್ ತೋರಿಸಿದಳು. ‘ಹೇಳದೆ ಬರೋಕಾಗಲ್ಲ. ನನ್ನ ಡ್ಯೂಟೀಲಿ ಮಕ್ಕಳು ಹೋದ್ವು. ನಾನೇ ಕೊಟ್ಟಿದ್ದು ಅಂತ ಹೇಳ್ಬೇಕು. ಪಾಪ, ಬೇರೆ ಹುಡುಗೀರ ಮೇಲೆ ಹಾಕ್ಬಿಡ್ತಾರೆ.’

ಅವಳಿಗೆ ನೆನಪಿದೆ. ಎಲ್ಲೋ, ಯಾವುದೋ ಮೂಲೆಯಲ್ಲಿ.

ಮ್ಯಾನೇಜರ್ ಹೆಂಗಸು ಎದ್ದು ಬಂದರು. ಅರ್ಥ ಮಾಡಿಕೊಂಡರೋ, ಸುಮ್ಮನೆ ಒಳ್ಳೆಯವರೋ. ‘ಸಿಸ್ಟರ್, ವಿಷಯ ಗೊತ್ತಾಯ್ತು. ನಿಮ್ಮದೇನೂ ತಪ್ಪಿಲ್ಲ. ಮನೆಗೆ ಹೋಗಿ ರೆಸ್ಟ್ ತಗೊಳ್ಳಿ.’

ಅಮ್ಮ ನಂಬಲಿಲ್ಲ. ಆದರೆ ಎದ್ದಳು.

ಫೆಬ್ರವರಿ 28, ಶನಿವಾರ

ಅಕ್ಕ ಬಂದಳು. ಅಮ್ಮನ ಕಾಲಿನ ಬ್ಯಾಂಡೇಜು ನೋಡಿದಳು. ಅಮ್ಮನಿಗೆ ತಲೆ ಬಾಚಿದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವಳು ಬಾಯಿ ತೆರೆಯುವ ಮೊದಲೇ ನಾನೇ ಹೇಳಿದೆ: ‘ಬೆಡ್ ಬೇಕು ಅಂತ ಹೇಳಿಬಿಡು.’

‘ನಾನು ಕೇಳೇ ಇಲ್ವಲ್ಲೋ.’

‘ಇವತ್ತು ಬ್ಯಾಂಕು. ನಾಳೆ ಆ ರಸ್ತೆಯ ಮಧ್ಯ. ಅಲ್ಲಾದ್ರೆ ಬಾಗಿಲಿಗೆ ಆಳಿದಾರೆ.’

ಅಕ್ಕ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತಳು. ಪಾತ್ರೆ ಒಂದೂ ಇರಲಿಲ್ಲ ತೊಳೆಯಲು.

ಮಾರ್ಚ್ 1, ಭಾನುವಾರ

ಹೋದಳು.

ಟ್ಯಾಕ್ಸಿಯಲ್ಲಿ ಕಿಟಕಿಯ ಕಡೆ ಕೂತು ಬಂದಳು, ಖುಷಿಯಾಗಿ. ಅಲ್ಲಿಯ ಮೇಲ್ವಿಚಾರಕಿ: ಮೂರು ವಾರ ಯಾರೂ ನೋಡಲು ಬರಬೇಡಿ, ಹೊಂದಿಕೊಳ್ಳಲಿ.

ಬಿಟ್ಟು ಬರುವಾಗ ಹಿಂತಿರುಗಿ ನೋಡಬಾರದು ಅಂದುಕೊಂಡೆ. ನೋಡಿದೆ. ಅವಳು ನೋಡುತ್ತಿರಲಿಲ್ಲ.

ಮಾರ್ಚ್ 14, ಶನಿವಾರ

ಗಂಡು ಮೊಲ್ಲಿ ಸತ್ತಿತು. ಬೆಳಿಗ್ಗೆ ಫಿಲ್ಟರಿಗೆ ಅಂಟಿಕೊಂಡಿತ್ತು. ಹೂಕುಂಡದಲ್ಲಿ ಹೂತೆ. ವರಾಂಡದ ಗೆಳೆಯ.

ಇಷ್ಟು ದಿನ ಏನೂ ಬರೆದಿಲ್ಲ. ಬರೆಯಲು ಏನೂ ಇರಲಿಲ್ಲ. ಕರಡು ತಿದ್ದಿದೆ. ‘ಊಟ ಆಯ್ತಾ’ ಅಂತ ಯಾರೂ ಕೇಳದಿದ್ದರೆ ಉಂಡದ್ದೂ ನೆನಪಿರುವುದಿಲ್ಲ. ಇದು ವಂಶವಾಹಿಯೋ ಏನೋ.

ಮಾರ್ಚ್ 20, ಶುಕ್ರವಾರ. ಬೆಳಿಗ್ಗೆ

ಕಾಫಿ ಲೋಟ ಹಿಡಿದು ಟ್ಯಾಂಕಿನ ಮುಂದೆ ಬಂದರೆ — ಪಾಚಿಯ ಸಂದಿಯಲ್ಲಿ ಕಪ್ಪು ಚುಕ್ಕಿಗಳು. ಮತ್ತೆ ಹಾಕಿದ್ದಾಳೆ! ಗಂಡ ಹೋದ ಮೇಲೂ? ಗುಳ್ಳೆ ಹೇಳಿದ: ‘ಒಂದ್ಸಲ ಕೂಡಿದ್ರೆ ಆಯ್ತು ಸಾರ್. ಒಳಗೆ ಇಟ್ಕೊಂಡಿರ್ತಾಳೆ. ತಿಂಗಳುಗಟ್ಲೆ ಹಾಕ್ತಾನೇ ಇರ್ತಾಳೆ.’

ಎಷ್ಟು ಹುಟ್ಟಿದ್ದವೋ, ಎಷ್ಟು ಹೋದವೋ. ಉಳಿದವನ್ನು ಹಿಡಿದೆ. ಚಿಕ್ಕ ತೊಟ್ಟಿಗೆ ಹೊಸ ನೀರು. ಮೊಟ್ಟೆ ಬೇಯಿಸಿದೆ, ಬಟ್ಟೆಯಲ್ಲಿ ಹಿಂಡಿದೆ. ಆಮೇಲೆ ಕುರ್ಚಿಯನ್ನು ನೋಡಿಕೊಂಡು ಸುಮ್ಮನೆ ನಿಂತಿದ್ದೆ.

ಭಾನುವಾರಕ್ಕೆ ಮೂರು ವಾರ ಮುಗಿಯುತ್ತದೆ. ಹೋಮಿಗೆ ಫೋನ್ ಮಾಡಿದೆ. ಚಿಕ್ಕ ತೊಟ್ಟಿ ತಂದಿಡಬಹುದಾ ಅಂತ ಕೇಳಿದೆ. ‘ಮೊದಲು ತಂದು ತೋರಿಸಿ. ಅವರಿಗೆ ಇಷ್ಟ ಆದ್ರೆ ಟೀವಿ ರೂಮಿನಲ್ಲಿ ಜಾಗ ಮಾಡೋಣ’ ಅಂದರು. ಒಳ್ಳೆಯ ಜನ.

ಮಾರ್ಚ್ 22, ಭಾನುವಾರ

ಅಗಲ ಬಾಯಿಯ ಬಾಟಲಿಯಲ್ಲಿ ಅರ್ಧ ನೀರು, ಐದಾರು ಮರಿ. ಬಸ್ಸಿನಲ್ಲಿ ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ಎದುರಿನ ಮಗು ಕೇಳಿತು, ‘ಅಂಕಲ್, ಗೊದ್ದಾನಾ?’ ಕಪ್ಪು ಇರುವೆ ಅಂದುಕೊಂಡಿತ್ತು. ‘ಹೌದಪ್ಪ, ಈಜು ಕಲಿತ ಗೊದ್ದ’ ಅಂದೆ. ಮೂರು ವಾರದ ಮೇಲೆ ಮೊದಲ ತಮಾಷೆ.

ಉದ್ದ ಕಾರಿಡಾರು. ಫಿನಾಯಿಲ್ ವಾಸನೆ. ಅಮ್ಮ ಗೋಡೆ ಪಕ್ಕದ ಮುದುಕಿಯೊಬ್ಬಳ ನಾಡಿ ಹಿಡಿದು ಗೋಡೆ ಗಡಿಯಾರ ನೋಡುತ್ತಿದ್ದಳು. ಮೈ ಕೈ ತುಂಬಿಕೊಂಡಿದ್ದಾಳೆ. ಬೆನ್ನು ನೆಟ್ಟಗಿದೆ. ಹಿಮ್ಮಡಿ ಮಾಯ್ದಿದೆ. ಅಲ್ಲಿಯ ಆಯಾ ಹೇಳಿದಳು: ‘ಇವರು ಬಂದ್ಮೇಲೆ ನಮಗೆ ಅರ್ಧ ಕೆಲಸ ಸಾರ್. ಎಲ್ಲರ ಬೆಡ್‌ಶೀಟೂ ಇವರೇ ಎಳೆದು ಸರಿ ಮಾಡ್ತಾರೆ. ಅಳೋದೆಲ್ಲ ನಿಂತಿದೆ.’

ಸಂತೋಷ ಆಗಬೇಕು. ಆಯಿತು ಕೂಡ.

ಎದುರಿಗೆ ನಿಂತೆ. ನನ್ನ ಮುಖ ನೋಡಿದಳು, ಅಪರಿಚಿತರನ್ನು ನೋಡುವಷ್ಟೇ ಹೊತ್ತು. ಆಮೇಲೆ ಬಾಟಲಿ. ಬಗ್ಗಿದಳು. ಕಣ್ಣು ದೊಡ್ಡದಾಯಿತು.

‘ನಾಲ್ಕನೇ ಬೆಡ್ಡಿನವು!’

‘ಹೌದು.’

‘ನಮ್ಮ ವಾರ್ಡಿನ ಮಕ್ಕಳು. ಬದುಕಿದಾವೆ?’ ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಎದೆಗೆ ಹಿಡಿದಳು. ಒಂದೊಂದನ್ನೂ ನೋಡಿದಳು. ಆಮೇಲೆ ತಲೆಯೆತ್ತಿದಳು. ದನಿ ಬದಲಾಗಿತ್ತು.

‘ನೀವು ಇವರ ಕಡೆಯವರಾ?’

‘ಹೌದು.’

‘ಇಷ್ಟು ಚಿಕ್ಕ ಮಕ್ಕಳನ್ನ ತಾಯಿ ಇಲ್ದೆ ಹೀಗೆಲ್ಲ ಎತ್ಕೊಂಡು ಓಡಾಡಬಾರ್ದು. ನಿಮಗೆ ಗೊತ್ತಾಗಲ್ವಾ? ಎಲ್ಲಿ ತಾಯಿ?’

ಸುಳ್ಳು ಯಾವುದೂ ಬಾಯಿಗೆ ಬರಲಿಲ್ಲ. ಬೇಕಾಗಿಯೂ ಇರಲಿಲ್ಲ.

‘ಇಲ್ಲೇ ಇದಾಳೆ’ ಅಂದೆ.

ಅವಳು ಕಾರಿಡಾರಿನ ಆ ತುದಿಯವರೆಗೂ ಕಣ್ಣು ಹಾಯಿಸಿದಳು. ಆಯಾಳನ್ನು, ಕುರ್ಚಿಯ ಮುದುಕಿಯನ್ನು, ತೆರೆದ ಬಾಗಿಲುಗಳನ್ನು, ಒಂದೊಂದಾಗಿ ನೋಡಿ ಬಿಟ್ಟಳು. ಹೊರಗೆ ಮೆಟ್ಟಿಲ ಕಡೆ ಕೂಡ ಇಣುಕಿದಳು. ಮತ್ತೆ ನನ್ನ ಹತ್ತಿರ ಬಂದು, ಬಾಟಲಿಯನ್ನು ಹಾಗೇ ಅವಚಿಕೊಂಡು, ‘ಎಲ್ಲೂ ಕಾಣಿಸ್ತಿಲ್ವಲ್ಲ. ಅವಳು ಬರೋವರೆಗೂ ನಾನು ಹಿಡ್ಕೊಂಡಿರ್ತೀನಿ. ನಿಮ್ದು ಊಟ ಆಯ್ತಾ?’ ಅಂದಳು.